ಎರಡು ಸಾಲಿನ ಪೋಸ್ಟ್ ಬ್ಲಾಗ್ ಆಗುವುದು ಯಾವಾಗ? ಒಂದು ಸಂಶೋಧನಾ ಟಿಪ್ಪಣಿ

ಅಂತರಜಾಲದ ಬರವಣಿಗೆಯ ಚರಿತ್ರೆ ಬರೆಯಹೊರಟವರಿಗೆ ಮೊದಲ ಅಧ್ಯಾಯದಲ್ಲೇ ಒಂದು ತೊಡಕು ಎದುರಾಗುತ್ತದೆ. ಟ್ವಿಟರ್, ಫೇಸ್‌ಬುಕ್‌ಗಳಲ್ಲಿ ಜನ ಹಾಕುವ ಎರಡು ಮೂರು ಸಾಲಿನ ಪೋಸ್ಟುಗಳನ್ನು ಬ್ಲಾಗ್ ಬರಹವೆಂದು ಎಣಿಸಬೇಕೇ, ಬೇಡವೇ? ಹಳೆಯ ಬ್ಲಾಗಿಗರನ್ನು ಕೇಳಿದರೆ ಬೇಡ ಎನ್ನುತ್ತಾರೆ. ಕೂತು ಯೋಚಿಸಿ, ತಿದ್ದಿ, ತಲೆಬರಹ ಕೊಟ್ಟು ಪ್ರಕಟಿಸಿದ್ದು ಬ್ಲಾಗ್. ಬಸ್ಸಿನಲ್ಲಿ ನಿಂತು ಟೈಪ್ ಮಾಡಿದ್ದು ಸ್ಟೇಟಸ್. ಇನ್ನು ಕೆಲವರು, ಮೈಕ್ರೋಬ್ಲಾಗ್ ಎಂಬ ಹೆಸರೇ ಇದೆಯಲ್ಲ, ಅದೂ ಬ್ಲಾಗೇ ಎಂದು ಮಾತು ಮುಗಿಸುತ್ತಾರೆ. ಇಬ್ಬರ ಕೈಯಲ್ಲೂ ಇರುವ ಅಳತೆಗೋಲು ಒಂದೇ: ಉದ್ದ. ಬ್ಲಾಗಿನ ಮೊದಲ ಹತ್ತು ವರ್ಷಗಳ ದಾಖಲೆಗಳನ್ನು ಓದಿದರೆ ಉದ್ದ ಎಂದೂ ಅಳತೆಗೋಲಾಗಿರಲಿಲ್ಲ ಎಂಬುದು ಕಾಣುತ್ತದೆ. ಬರಹಕ್ಕೊಂದು ವಿಳಾಸ, ಒಂದು ದಿನಾಂಕ, ಅದೇ ಕೈಯ ಹಿಂದಿನ ಬರಹಗಳೊಡನೆ ಒಂದು ಅನುಕ್ರಮ, ಯಾರ ಅಪ್ಪಣೆಯೂ ಇಲ್ಲದೆ ಬಂದು ಓದಬಲ್ಲ ಹೊರಗಿನ ಓದುಗ: ಬ್ಲಾಗನ್ನು ಬ್ಲಾಗ್ ಮಾಡಿದ್ದು ಇವು. ಇವನ್ನು ಇಟ್ಟುಕೊಂಡು ನೋಡಿದಾಗ ಒಂದೇ ವೇದಿಕೆಯ, ಒಂದೇ ಉದ್ದದ ಪೋಸ್ಟು 2008ರಲ್ಲಿ ಬ್ಲಾಗ್ ಆಗಿದ್ದು 2024ರಲ್ಲಿ ಬ್ಲಾಗ್ ಅಲ್ಲದೆ ಹೋಗಿರುವುದು ಸಾಧ್ಯ. ಈ ಟಿಪ್ಪಣಿಯಲ್ಲಿ ತೋರಿಸಲು ಹೊರಟಿರುವುದು ಅದನ್ನೇ.

ಮೊದಲು ಆರಂಭದ ಸಂಗತಿ. ಅಮೆರಿಕದ ಜಾರ್ನ್ ಬಾರ್ಗರ್ ತಮ್ಮ ‘ರೋಬಾಟ್ ವಿಸ್‌ಡಮ್’ ತಾಣದ ಪುಟಕ್ಕೆ ವೆಬ್‌ಲಾಗ್ ಎಂಬ ಹೆಸರಿಟ್ಟದ್ದು 1997ರ ಡಿಸೆಂಬರ್‌ನಲ್ಲಿ. ಆ ಪುಟದಲ್ಲಿ ಇದ್ದದ್ದೇನು? ಅಂದು ಓದಿದ ಒಳ್ಳೆಯ ಪುಟಗಳ ಕೊಂಡಿಗಳು, ಒಂದೊಂದಕ್ಕೂ ಅರ್ಧ ಸಾಲು, ಒಂದು ಸಾಲಿನ ಮಾತು. ಅದೇ ವರ್ಷ ಶುರುವಾದ ಡೇವ್ ವೈನರ್ ಅವರ ‘ಸ್ಕ್ರಿಪ್ಟಿಂಗ್ ನ್ಯೂಸ್’ ಕೂಡ ಬಹುಮಟ್ಟಿಗೆ ಇಂಥದೇ. ಸ್ವತಃ ಬ್ಲಾಗಿಗರಾಗಿದ್ದ ರೆಬೆಕಾ ಬ್ಲಡ್ 2000ದ ಸೆಪ್ಟೆಂಬರ್‌ನಲ್ಲಿ ಬ್ಲಾಗುಗಳ ಮೊದಲ ಚರಿತ್ರೆ ಎನ್ನಬಹುದಾದ ಒಂದು ಪ್ರಬಂಧ ಬರೆದರು. 1999ರ ಆರಂಭಕ್ಕೆ ಲೆಕ್ಕಕ್ಕೆ ಸಿಕ್ಕ ಬ್ಲಾಗುಗಳು 23 ಮಾತ್ರ ಎಂದು ಅವರು ದಾಖಲಿಸಿದ್ದಾರೆ. ಅವರ ಪ್ರಕಾರ ಆ ಮೊದಲ ಬ್ಲಾಗುಗಳ ಕೆಲಸ ಸೋಸುವುದು. ಅಗಾಧವಾಗಿ ಬೆಳೆಯುತ್ತಿದ್ದ ಜಾಲದಿಂದ ಓದಲು ಯೋಗ್ಯವಾದದ್ದನ್ನು ಹೆಕ್ಕಿ, ಯಾಕೆ ಓದಬೇಕು ಎಂದು ಚುಟುಕಾಗಿ ಹೇಳಿ, ಓದುಗನನ್ನು ಅಲ್ಲಿಗೆ ಕಳುಹಿಸುವುದು. ಅಂದರೆ ಬ್ಲಾಗ್ ಹುಟ್ಟಿದ್ದೇ ಚಿಕ್ಕ ಬರಹವಾಗಿ. ಇದೇ ಕಾಲದಲ್ಲಿ ಜಸ್ಟಿನ್ ಹಾಲ್‌ರಂಥವರು 1994ರಿಂದಲೇ ತಮ್ಮ ಬದುಕನ್ನು ವಿಸ್ತಾರವಾಗಿ ಜಾಲದಲ್ಲಿ ಬರೆಯುತ್ತಿದ್ದರು ಎಂಬುದೂ ನಿಜ. ಆದರೆ ಆ ಹೊತ್ತಿನವರು ಅದನ್ನು ಜಾಲದ ದಿನಚರಿ ಎಂದು ಬೇರೆ ಹೆಸರಿನಿಂದ ಕರೆಯುತ್ತಿದ್ದರು. ಎರಡು ಹೊಳೆಗಳು ಸೇರಿದ್ದು ಆಮೇಲೆ.

ಅವು ಸೇರಿದ್ದಕ್ಕೆ ಕಾರಣ ಒಂದು ಖಾಲಿ ಪೆಟ್ಟಿಗೆ. 1999ರ ಆಗಸ್ಟ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಪೈರಾ ಲ್ಯಾಬ್ಸ್ ಎಂಬ ಪುಟ್ಟ ಕಂಪನಿ ಬ್ಲಾಗರ್ ಎಂಬ ತಂತ್ರಾಂಶವನ್ನು ಹೊರತಂದಿತು. ಇವಾನ್ ವಿಲಿಯಮ್ಸ್ ಮತ್ತು ಮೆಗ್ ಹೌರಿಹಾನ್ ಅದರ ಸ್ಥಾಪಕರು. ಆರಂಭದ ಬ್ಲಾಗರ್‌ನಲ್ಲಿ ತಲೆಬರಹಕ್ಕೆ ಬೇರೆ ಜಾಗವಿರಲಿಲ್ಲ, ಕೊಂಡಿ ಕೊಡಲೇಬೇಕೆಂಬ ಒತ್ತಾಯವೂ ಇರಲಿಲ್ಲ. ಒಂದು ಖಾಲಿ ಪೆಟ್ಟಿಗೆ, ಒಂದು ಗುಂಡಿ. ಕೊಂಡಿ ಕೇಳದ ಈ ಪೆಟ್ಟಿಗೆಯಿಂದಾಗಿಯೇ ಸೋಸುವ ಬ್ಲಾಗು ದಿನಚರಿಯ ಕಡೆಗೆ ವಾಲಿತು ಎಂದು ಬ್ಲಡ್ ಗುರುತಿಸುತ್ತಾರೆ. ಅವರ ಈ ಗಮನಿಕೆಗೆ ಇನ್ನೂ ಹೆಚ್ಚಿನ ಮನ್ನಣೆ ಸಿಗಬೇಕಿತ್ತು. ಬರಹದ ಪ್ರಕಾರವನ್ನು ಬರೆಯುವವರ ಇಚ್ಛೆಯಷ್ಟೇ ಅಲ್ಲ, ಅವರ ಮುಂದಿಟ್ಟ ಪೆಟ್ಟಿಗೆಯ ಆಕಾರವೂ ತೀರ್ಮಾನಿಸುತ್ತದೆ ಎಂಬುದನ್ನು ಅವರು ಟ್ವಿಟರ್ ಹುಟ್ಟುವ ಆರು ವರ್ಷ ಮೊದಲೇ ಹೇಳಿದ್ದರು.

ಬ್ಲಾಗುಗಳು ಜನಪ್ರಿಯವಾದ ಮೇಲಾದರೂ ಉದ್ದವಾದವೇ? ಇಂಡಿಯಾನಾ ವಿಶ್ವವಿದ್ಯಾಲಯದ ಸೂಸನ್ ಹೆರಿಂಗ್ ಮತ್ತು ಸಂಗಡಿಗರು 203 ಬ್ಲಾಗುಗಳನ್ನು ಆಯ್ದು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದ ಆಧಾರಗ್ರಂಥಗಳಲ್ಲಿ ಒಂದು. ಅದರಲ್ಲಿ ಸುಮಾರು ಶೇ. 70ರಷ್ಟು ಬ್ಲಾಗುಗಳು ವೈಯಕ್ತಿಕ ದಿನಚರಿಯ ಬಗೆಯವು. ಒಂದು ಬರಹದ ಸರಾಸರಿ ಉದ್ದ ಸುಮಾರು 210 ಪದ. ಪತ್ರಿಕೆಯ ವಾಚಕರ ವಾಣಿಗೆ ಬರೆದ ಒಂದು ಪತ್ರದಷ್ಟು. ಸರಾಸರಿ ಇಷ್ಟಿದೆ ಎಂದರೆ ಇದಕ್ಕಿಂತ ಎಷ್ಟೋ ಚಿಕ್ಕವು ಅದರಲ್ಲಿ ಸೇರಿವೆ ಎಂದೇ ಅರ್ಥ. ಬ್ಲಾಗ್ ಎಂದರೆ ಸಾವಿರ ಪದದ ಲೇಖನ ಎಂಬ ಈಗಿನ ಕಲ್ಪನೆ ಆ ಕಾಲಕ್ಕೆ ಹೊಂದುವುದಿಲ್ಲ. ಚಿಕ್ಕ ಮಾತುಗಳೆಲ್ಲ ಸಾಮಾಜಿಕ ಜಾಲತಾಣಗಳಿಗೆ ಹರಿದುಹೋದ ಮೇಲೆ ಬ್ಲಾಗಿನಲ್ಲಿ ಉಳಿದದ್ದು ದೊಡ್ಡ ಲೇಖನ. ಉಳಿದದ್ದನ್ನೇ ನಾವು ಮೂಲರೂಪ ಎಂದುಕೊಂಡೆವು.

ತಾಂತ್ರಿಕ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಬ್ಲಾಗಿನ ಹೊಸ ಬರಹಗಳನ್ನು ಓದುಗರ ಕಡೆಗೆ ಒಯ್ಯುವ ಆರ್‌ಎಸ್‌ಎಸ್ ಎಂಬ ವಿನ್ಯಾಸದ ಎರಡನೆಯ ಆವೃತ್ತಿ 2002ರದು. ಅದರ ನಿಯಮಾವಳಿಯಲ್ಲಿ ಒಂದು ಬರಹಕ್ಕೆ ತಲೆಬರಹ ಕಡ್ಡಾಯವಲ್ಲ. ತಲೆಬರಹ ಅಥವಾ ವಿವರಣೆ, ಎರಡರಲ್ಲಿ ಒಂದು ಇದ್ದರೆ ಸಾಕು. ತಲೆಬರಹವಿಲ್ಲದ ನಾಲ್ಕು ಪದದ ಬರಹವೂ ಪೂರ್ಣ ಬರಹವೇ ಎಂದು ಬ್ಲಾಗ್ ಲೋಕ ತನ್ನ ನಿಯಮದಲ್ಲೇ ಒಪ್ಪಿಕೊಂಡಿತ್ತು. 2005ರ ಹೊತ್ತಿಗೆ ಜರ್ಮನಿಯ ಕ್ರಿಸ್ಟಿಯನ್ ನ್ಯೂಕಿರ್ಶೆನ್ ಅವರ ‘ಅನಾರ್ಕಾಯಾ’ದಂಥ ಬ್ಲಾಗುಗಳು ಕೊಂಡಿ, ಉಲ್ಲೇಖ, ಚಿತ್ರ, ಎರಡು ಸಾಲಿನ ಸಂಭಾಷಣೆ ಇವುಗಳನ್ನೇ ಪೋಣಿಸಿ ನಡೆಯುತ್ತಿದ್ದವು. ಅಂಥವಕ್ಕೆ ಟಂಬಲ್‌ಲಾಗ್ ಎಂಬ ಹೆಸರೂ ಬಿತ್ತು. ಡೇವಿಡ್ ಕಾರ್ಪ್ 2007ರಲ್ಲಿ ತೆರೆದ ಟಂಬ್ಲರ್‌ಗೆ ಮೂಲ ಇದೇ. ಚಿಕ್ಕ ಬರಹವನ್ನು ಸಾಮಾಜಿಕ ಜಾಲತಾಣಗಳು ಕಂಡುಹಿಡಿಯಲಿಲ್ಲ, ಬ್ಲಾಗಿಗರಿಂದ ಪಡೆದವು.

ಸಾಹಿತ್ಯ ಪ್ರಕಾರಗಳ ಚರ್ಚೆಯಲ್ಲಿ ಕನ್ನಡದವರಿಗೆ ಇದು ಹೊಸದೇನಲ್ಲ. ದಿನಕರ ದೇಸಾಯಿಯವರ ಚೌಪದಿ ನಾಲ್ಕೇ ಸಾಲಿನದೆಂದು ಅದು ಕಾವ್ಯವೇ ಅಲ್ಲ ಎಂದು ಯಾರೂ ವಾದಿಸಲಿಲ್ಲ. ಒಳ್ಳೆಯದೋ ಅಲ್ಲವೋ ಎಂಬ ಚರ್ಚೆ ಬೇರೆ, ಯಾವ ಪ್ರಕಾರ ಎಂಬ ಚರ್ಚೆ ಬೇರೆ. ಬ್ಲಾಗಿನ ವಿಷಯದಲ್ಲಿ ಈ ಎರಡನ್ನೂ ಕಲಸಿಬಿಟ್ಟಿದ್ದೇವೆ. ‘ನಿಜವಾದ ಬ್ಲಾಗ್’ ಎನ್ನುವಾಗ ಬಹಳ ಸಲ ನಮ್ಮ ಮನಸ್ಸಿನಲ್ಲಿರುವುದು ‘ಒಳ್ಳೆಯ ಬ್ಲಾಗ್’.

ಹಾಗಾದರೆ ಬ್ಲಾಗನ್ನು ಗುರುತಿಸುವುದು ಯಾವುದು? ಮೆಗ್ ಹೌರಿಹಾನ್ 2002ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಪ್ರಶ್ನೆಗೆ ನೇರ ಉತ್ತರವಿದೆ. ಬ್ಲಾಗಿಗರು ಏನು ಬರೆಯುತ್ತಾರೆ ಎಂಬುದನ್ನು ಬದಿಗಿಟ್ಟು ನೋಡಿದರೆ ಎಲ್ಲರಿಗೂ ಸಮಾನವಾದದ್ದು ರಚನೆ ಎಂದು ಅವರು ವಾದಿಸಿದರು. ಹೊಸದು ಮೇಲೆ ಹಳೆಯದು ಕೆಳಗೆ ಎಂಬ ಅನುಕ್ರಮ, ಬರೆದ ಹೊತ್ತಿನ ಗುರುತು, ಪ್ರತಿ ಬರಹಕ್ಕೂ ಒಂದು ಸ್ಥಿರ ಕೊಂಡಿ. ಅಲ್ಲಿಯವರೆಗೆ ಜಾಲದ ಘಟಕ ಪುಟವಾಗಿತ್ತು, ಬ್ಲಾಗಿನಲ್ಲಿ ಘಟಕವಾದದ್ದು ಪೋಸ್ಟ್. ಸ್ಥಿರ ಕೊಂಡಿ ಬ್ಲಾಗರ್‌ಗೆ ಬಂದದ್ದು 2000ದಲ್ಲಿ. ನೋಡಲು ಸಣ್ಣ ಸೌಕರ್ಯ, ಆದರೆ ಚರ್ಚೆ ಸಾಧ್ಯವಾದದ್ದು ಅದರಿಂದ. ಮೂರು ತಿಂಗಳ ಹಿಂದೆ ಒಬ್ಬರು ಬರೆದ ಎರಡು ಸಾಲನ್ನು ಇನ್ನೊಬ್ಬರು ಎತ್ತಿಕೊಂಡು ಉತ್ತರಿಸಬಹುದು. ಓದುಗ ಆ ಎರಡೂ ಮಾತನ್ನು ಅವವುಗಳ ಜಾಗದಲ್ಲೇ ಹೋಗಿ ನೋಡಿ, ಹಿಂದೆ ಮುಂದೆ ಆ ಲೇಖಕ ಏನು ಹೇಳಿದ್ದ ಎಂದು ತೂಗಿ ನೋಡಬಹುದು. ನಾರ್ವೆಯ ಜಿಲ್ ವಾಕರ್ ರೆಟ್‌ಬರ್ಗ್ ಕಥನಶಾಸ್ತ್ರದ ವಿಶ್ವಕೋಶಕ್ಕೆ ಬರೆದುಕೊಟ್ಟ ವ್ಯಾಖ್ಯೆಯಲ್ಲೂ ಮುಖ್ಯವಾಗಿ ಬರುವುದು ಪದೇ ಪದೇ ಹೊಸದಾಗುವ ತಾಣ, ದಿನಾಂಕವಿರುವ ನಮೂದುಗಳು, ಹಿಮ್ಮುಖ ಕಾಲಕ್ರಮ. ಪದಗಳ ಮಿತಿ ಅಲ್ಲಿ ಇಲ್ಲ.

ಇಷ್ಟು ಸಿದ್ಧಾಂತವಾಯಿತು. ಇದನ್ನು ಒರೆಗೆ ಹಚ್ಚಲು ನಮ್ಮ ಉಪಖಂಡದ ಎರಡು ಘಟನೆಗಳಿಗಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

2004ರ ಡಿಸೆಂಬರ್ 26ರಂದು ಹಿಂದೂ ಮಹಾಸಾಗರದ ಸುನಾಮಿ ಅಪ್ಪಳಿಸಿತು. ಮುಂಬಯಿಯ ಪೀಟರ್ ಗ್ರಿಫಿನ್, ರೋಹಿತ್ ಗುಪ್ತ, ದೀನಾ ಮೆಹ್ತಾ ಮುಂತಾದವರು ಸೇರಿ ಬ್ಲಾಗರ್‌ನ ಬರಹಗಳಿಗೆ ಜಾಗ ಕೊಡುವ ಬ್ಲಾಗ್‌ಸ್ಪಾಟ್‌ನಲ್ಲಿ ‘ಸುನಾಮಿ ಹೆಲ್ಪ್’ ಎಂಬ ವಿಳಾಸದ ಒಂದು ಬ್ಲಾಗ್ ತೆರೆದರು. ಕೆಲವೇ ದಿನಗಳಲ್ಲಿ ನಾನಾ ದೇಶಗಳ ಸ್ವಯಂಸೇವಕರು ಅದಕ್ಕೆ ಬರೆಯತೊಡಗಿದರು. ಬರೆದದ್ದಾದರೂ ಏನು? ಸಹಾಯವಾಣಿಯ ಸಂಖ್ಯೆ, ಎಲ್ಲಿಗೆ ಔಷಧ ಬೇಕಾಗಿದೆ ಎಂಬ ಮಾಹಿತಿ, ಯಾವ ಸಂಸ್ಥೆಗೆ ಹಣ ಕಳುಹಿಸಬಹುದು ಎಂಬ ಸೂಚನೆ, ಕಾಣೆಯಾದವರ ಹೆಸರು. ಹೆಚ್ಚಿನವು ಕೆಲವೇ ಸಾಲಿನವು. ಪ್ರಬಂಧವೆನ್ನಬಹುದಾದದ್ದು ಅದರಲ್ಲಿ ಹುಡುಕಿದರೂ ಅಪರೂಪ. ಬರಹಗಳ ರಾಶಿ ಬೆಳೆದಂತೆ ಕಾಣೆಯಾದವರಿಗೆ ಒಂದು, ಬೇಕಾದ ನೆರವಿಗೆ ಒಂದು ಎಂದು ಬ್ಲಾಗು ಕವಲೊಡೆಯಿತು.

ಅದೇ ದಿನಗಳಲ್ಲಿ ಇನ್ನೊಂದು ಕಡೆ ನಡೆದದ್ದು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ‘ಮಾರ್ಕ್ವೆಂಡಿ’ ಎಂಬ ಹೆಸರಿನಲ್ಲಿ ಬ್ಲಾಗ್ ಬರೆಯುತ್ತಿದ್ದ ಶ್ರೀಲಂಕಾದ ಟಿವಿ ನಿರ್ಮಾಪಕರೊಬ್ಬರು ಹಾನಿಗೀಡಾದ ಕರಾವಳಿಯಲ್ಲಿದ್ದರು. ಅವರ ಕೈಯಲ್ಲಿದ್ದದ್ದು ಮೊಬೈಲು ಮಾತ್ರ. ಕಂಡದ್ದನ್ನು ಅವರು ಎಸ್‌ಎಂಎಸ್ ಮಾಡಿದರು. ರೋಹಿತ್ ಗುಪ್ತ ಮತ್ತು ಗೆಳೆಯರು ನಡೆಸುತ್ತಿದ್ದ ಬ್ಲಾಗಿನಲ್ಲಿ ಆ ಎಸ್‌ಎಂಎಸ್‌ಗಳು ಬಂದ ಹಾಗೆಯೇ ಪ್ರಕಟವಾದವು. ಹೆಣಗಳು, ಸಮಾಧಿ ಮಾಡಲು ಜನವಿಲ್ಲದ ಊರುಗಳು, ಮುಂದಿನ ಹಳ್ಳಿಗೆ ದಾರಿ ಇಲ್ಲ ಎಂಬ ಸುದ್ದಿ. ಹೊರಗಿನ ಪತ್ರಕರ್ತರು ಅವನ್ನು ಓದಿ ವರದಿ ಮಾಡಿದರು. ಒಂದು ಎಸ್‌ಎಂಎಸ್‌ಗೆ 160 ಅಕ್ಷರದ ಮಿತಿ. ಟ್ವಿಟರ್ ಸ್ಥಾಪಕರಲ್ಲಿ ಒಬ್ಬರಾದ ಜ್ಯಾಕ್ ಡಾರ್ಸಿಯ ಮೊದಲ ಟ್ವೀಟ್ 2006ರ ಮಾರ್ಚ್ 21ರದು. ಅದಕ್ಕೂ ಹದಿನೈದು ತಿಂಗಳು ಮೊದಲೇ, ಟ್ವೀಟಿನ ಗಾತ್ರದ ಬರಹಗಳು ಬ್ಲಾಗಾಗಿ ಪ್ರಕಟಗೊಂಡು, ಬ್ಲಾಗಾಗಿಯೇ ಓದಿಸಿಕೊಂಡು, ಬ್ಲಾಗ್ ಚರಿತ್ರೆಯಲ್ಲಿ ನಿಂತಿವೆ. ಇವು ಬ್ಲಾಗ್ ಅಲ್ಲ ಎಂದು ಹೇಳುವ ಧೈರ್ಯ ಯಾವ ಸಂಶೋಧಕನಿಗೂ ಬರಲಾರದು. ಅವುಗಳ ಬೆಲೆ ಇದ್ದದ್ದೇ ಒಬ್ಬ ವ್ಯಕ್ತಿ, ಒಂದು ಹಾದಿ, ಒಂದಾದ ಮೇಲೆ ಒಂದು ಊರು ಎಂಬ ಸಾಲಿನಲ್ಲಿ. ಬಿಡಿಯಾಗಿ ಓದಿದರೆ ಪ್ರತಿಯೊಂದೂ ಒಂದು ಚೂರು. ಕೆಳಗಿನಿಂದ ಮೇಲಕ್ಕೆ ಓದುತ್ತ ಬಂದರೆ ಒಬ್ಬ ಮನುಷ್ಯ ಕಡಲಂಚಿನಲ್ಲಿ ನಡೆದದ್ದು ಕಾಣುತ್ತದೆ.

ನಾಲ್ಕು ವರ್ಷದ ನಂತರ, 2008ರ ನವೆಂಬರ್ 26ರಂದು ಮುಂಬಯಿಯ ಮೇಲೆ ದಾಳಿ ನಡೆಯಿತು. ಅಷ್ಟು ಹೊತ್ತಿಗೆ ಟ್ವಿಟರ್ ಬಂದಿತ್ತು, ಮುಂಬಯಿ ಎಂಬ ಹ್ಯಾಷ್‌ಟ್ಯಾಗಿನಡಿ ಟ್ವೀಟುಗಳು ಸುರಿದವು. ರಕ್ತ ಬೇಕಾದ ಆಸ್ಪತ್ರೆಗಳ ಹೆಸರು, ಯಾವ ರಸ್ತೆ ಮುಚ್ಚಿದೆ ಎಂಬ ಮಾಹಿತಿ, ಪ್ರಾರ್ಥನೆ, ಆತಂಕ, ವದಂತಿ ಎಲ್ಲವೂ ಒಂದೇ ಹರಿವಿನಲ್ಲಿ. ಕಾರ್ಯಾಚರಣೆಗೆ ತೊಂದರೆಯಾಗುತ್ತದೆಂದು ಟ್ವೀಟ್ ಮಾಡುವುದನ್ನು ನಿಲ್ಲಿಸಲು ಭಾರತ ಸರ್ಕಾರ ಕೇಳಿಕೊಂಡಿದೆ ಎಂಬ ಮಾತೂ ಆ ಹರಿವಿನಲ್ಲಿ ತೇಲಿ ಬಂದು ಬಿಬಿಸಿಯ ನೇರ ವರದಿಯ ಪುಟವನ್ನು ಸೇರಿತು. ಅದಕ್ಕೆ ಆಧಾರ ಸಿಕ್ಕಲಿಲ್ಲ. ಪರಿಶೀಲನೆಯಿಲ್ಲದೆ ಅದನ್ನು ಬಳಸಿದ್ದು ಸರಿಯಾಗಲಿಲ್ಲ ಎಂದು ಬಿಬಿಸಿಯ ಅಂತರಜಾಲ ವಿಭಾಗದ ಸಂಪಾದಕ ಸ್ಟೀವ್ ಹರ್ಮನ್ ಆಮೇಲೆ ಬರೆದರು.

ಈ ಎರಡು ಘಟನೆಗಳಲ್ಲಿ ಪೋಸ್ಟಿನ ಉದ್ದ ಹೆಚ್ಚುಕಡಿಮೆ ಒಂದೇ. ಬರೆದವರ ತಳಮಳ ಒಂದೇ, ಉದ್ದೇಶವೂ ಒಂದೇ. ಬೇರೆಯಾದದ್ದು ಓದುವ ದಾರಿ. ಸುನಾಮಿಯ ಎಸ್‌ಎಂಎಸ್‌ಗಳನ್ನು ಓದುಗ ಒಬ್ಬರ ಬರಹವಾಗಿ, ಒಂದು ಜಾಗದಲ್ಲಿ, ಕ್ರಮವಾಗಿ ಓದಿದ. ಮುಂಬಯಿಯ ಟ್ವೀಟುಗಳನ್ನು ವಿಷಯದ ಹೆಸರಿನಡಿ, ನೂರಾರು ಜನರ ಬಾಯಿಂದ, ಯಾರು ಎಲ್ಲಿಂದ ಹೇಳುತ್ತಿದ್ದಾರೆ ಎಂದು ತಿಳಿಯುವ ಮೊದಲೇ ಓದಿದ. ಹ್ಯಾಷ್‌ಟ್ಯಾಗಿನ ಮೂಲಕ ಓದಿದ ಟ್ವೀಟನ್ನು ನಾನು ಬ್ಲಾಗ್ ಎನ್ನಲಾರೆ. ಆದರೆ ಅದೇ ರಾತ್ರಿ ತಾಜ್ ಹೋಟೆಲಿನ ಹತ್ತಿರದ ಮನೆಯೊಂದರಿಂದ ಒಬ್ಬರು ಗಂಟೆಗಂಟೆಗೂ ಟ್ವೀಟ್ ಮಾಡಿದ್ದು, ಅವರ ಪುಟಕ್ಕೇ ಹೋಗಿ ಒಬ್ಬ ಓದುಗ ಮೊದಲಿನಿಂದ ಓದಿದ್ದು ನಡೆದಿದ್ದರೆ, ಅದು ಬ್ಲಾಗೇ. ಒಂದೇ ಬರಹ ಎರಡು ದಾರಿಯಲ್ಲಿ ಎರಡು ಬಗೆಯಾಗಿ ಓದಿಸಿಕೊಳ್ಳಬಲ್ಲದು ಎಂಬುದು ಈ ಕ್ಷೇತ್ರದ ನಿಜವಾದ ಕಷ್ಟ.

ಇಲ್ಲಿ ವಿದ್ವಾಂಸರ ಒಂದು ವಾದವನ್ನು ನೆನೆಯಬೇಕು. ಡಾನಾ ಬಾಯ್ಡ್ 2006ರಲ್ಲಿ, ಬ್ಲಾಗನ್ನು ಸಾಹಿತ್ಯ ಪ್ರಕಾರವೆಂದು ನೋಡುವುದೇ ಸರಿಯಲ್ಲ, ಅದೊಂದು ಮಾಧ್ಯಮ ಮತ್ತು ಅದರಲ್ಲಿ ನಡೆಸುವ ರೂಢಿ ಎಂದು ವಾದಿಸಿದರು. ಕ್ಯಾರೊಲಿನ್ ಮಿಲ್ಲರ್ ಮತ್ತು ಡಾನ್ ಶೆಪರ್ಡ್ 2004ರಲ್ಲಿ ಬ್ಲಾಗನ್ನು ಒಂದು ಪ್ರಕಾರವೆಂದು ವಿಶ್ಲೇಷಿಸಿದ್ದರು. 2009ರ ಇನ್ನೊಂದು ಲೇಖನದಲ್ಲಿ ಅವರೇ ಆ ನಿಲುವನ್ನು ಮರುಪರಿಶೀಲಿಸಿ, ಬ್ಲಾಗ್ ಎಂಬುದು ಹಲವು ಪ್ರಕಾರಗಳಿಗೆ ಜಾಗ ಕೊಡುವ ಮಾಧ್ಯಮ ಎಂಬ ಕಡೆಗೆ ಬಂದರು. ಈ ದಾರಿ ನನಗೂ ಒಪ್ಪಿಗೆ. ಆದರೆ ರೂಢಿ ಎಂದು ಹೇಳಿ ನಿಲ್ಲಿಸಿದರೆ ಬರೆಯುವವರ ಕಡೆ ಮಾತ್ರ ನೋಡಿದಂತಾಗುತ್ತದೆ. ವೇದಿಕೆ ಓದುಗನಿಗೆ ಏನನ್ನು ಕೊಡುತ್ತದೆ, ಏನನ್ನು ಕಸಿದುಕೊಳ್ಳುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಟ್ವಿಟರ್‌ನ ಇತಿಹಾಸ ಇದಕ್ಕೆ ಪಾಠದಂತಿದೆ.

ಟ್ವಿಟರ್ ಹುಟ್ಟುಹಾಕಿದವರಲ್ಲಿ ಒಬ್ಬರು ಅದೇ ಇವಾನ್ ವಿಲಿಯಮ್ಸ್, ಬ್ಲಾಗರ್ ಮಾಡಿದವರು. ಬ್ಲಾಗರ್ ಅನ್ನು 2003ರಲ್ಲಿ ಗೂಗಲ್ ಕೊಂಡಿತು. ಆಮೇಲೆ ವಿಲಿಯಮ್ಸ್ ಅಲ್ಲಿಂದ ಹೊರಬಂದರು, ಟ್ವಿಟರ್ ಕಟ್ಟಿದರು, 2012ರಲ್ಲಿ ಮತ್ತೆ ದೊಡ್ಡ ಬರಹಕ್ಕೆಂದೇ ಮೀಡಿಯಂ ತೆರೆದರು. ಆರಂಭದ ಟ್ವಿಟರ್ ಎಸ್‌ಎಂಎಸ್ ಮೇಲೆ ನಿಂತಿತ್ತು. 160ರಲ್ಲಿ 20 ಅಕ್ಷರ ಬಳಕೆದಾರರ ಹೆಸರಿಗೆ, ಉಳಿದ 140 ಮಾತಿಗೆ. ರಚನೆಯಲ್ಲಿ ಅದು ಅಚ್ಚ ಬ್ಲಾಗು. ಪ್ರತಿ ಟ್ವೀಟಿಗೂ ಸ್ಥಿರ ಕೊಂಡಿ, ಹೊತ್ತಿನ ಗುರುತು, ಪ್ರತಿ ಬಳಕೆದಾರರಿಗೂ ಹೊಸದರಿಂದ ಹಳೆಯದಕ್ಕೆ ಇಳಿಯುವ ಒಂದು ಪುಟ, ಆ ಪುಟಕ್ಕೆ ಆರ್‌ಎಸ್‌ಎಸ್. ಖಾತೆಯೇ ಇಲ್ಲದವರೂ ಅದನ್ನು ಓದಬಹುದಿತ್ತು. ಒಂದು ಕೊರತೆ ಮಾತ್ರ ಆಗಲೇ ಇತ್ತು. ಹೊರಗಿನ ತಂತ್ರಾಂಶಗಳಿಗೆ ಒಬ್ಬರ ಇತ್ತೀಚಿನ 3,200 ಟ್ವೀಟುಗಳಿಗಿಂತ ಹಿಂದಕ್ಕೆ ಹೋಗಲು ಸಾಧ್ಯವಿರಲಿಲ್ಲ. ಬರೆದವರು ತಮ್ಮದೇ ಟ್ವೀಟುಗಳ ಪೂರ್ತಿ ಸಂಗ್ರಹವನ್ನು ಇಳಿಸಿಕೊಳ್ಳುವ ಸೌಕರ್ಯ ಬಂದದ್ದು 2012ರ ಕೊನೆಯಲ್ಲಿ.

ಆಮೇಲೆ ಬ್ಲಾಗಿನ ಈ ಗುಣಗಳು ಒಂದೊಂದಾಗಿ ಕಳಚಿದವು. 2013ರ ಜೂನ್‌ನಲ್ಲಿ, ಹೊರಗಿನ ತಂತ್ರಾಂಶಗಳಿಗೆಂದು ಟ್ವಿಟರ್ ಇಟ್ಟಿದ್ದ ಹಳೆಯ ವ್ಯವಸ್ಥೆಯ ಜೊತೆಗೆ ಆರ್‌ಎಸ್‌ಎಸ್ ಹೋಯಿತು. ಮರುತಿಂಗಳ ಮೊದಲ ದಿನವೇ, ಆರ್‌ಎಸ್‌ಎಸ್ ಮೂಲಕ ಬ್ಲಾಗುಗಳನ್ನು ಒಂದೆಡೆ ಓದಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿತು. ಅದು ಬ್ಲಾಗುಗಳಿಗೇ ದೊಡ್ಡ ಹೊಡೆತ. 2016ರಲ್ಲಿ ಟ್ವಿಟರ್ ಓದುಗರ ಹರಿವನ್ನು ಕಾಲಕ್ರಮದಿಂದ ತಪ್ಪಿಸಿ ಅಲ್ಗಾರಿದಂ ಆಯ್ಕೆಗೆ ಒಪ್ಪಿಸತೊಡಗಿತು. 2023ರ ಜೂನ್ ಕೊನೆಯಲ್ಲಿ ಲಾಗಿನ್ ಆಗದವರಿಗೆ ಟ್ವೀಟುಗಳನ್ನು ಮುಚ್ಚಲಾಯಿತು. ಕೆಲವು ದಿನಗಳ ಮೇಲೆ ಬಿಡಿ ಟ್ವೀಟಿಗೆ ಸಡಿಲಿಕೆ ಸಿಕ್ಕಿತಾದರೂ, ಒಬ್ಬ ಬರಹಗಾರನ ಪುಟಕ್ಕೆ ಹೋದ ಹೊರಗಿನ ಓದುಗನಿಗೆ ಕ್ರಮವಾದ ಸಾಲು ಸಿಗದಾಯಿತು. ಸಿಗುವುದು ಹಿಂದುಮುಂದಾದ ಕೆಲವು ಜನಪ್ರಿಯ ಟ್ವೀಟುಗಳು. ಇಷ್ಟರ ನಡುವೆ, 2017ರ ನವೆಂಬರ್‌ನಲ್ಲಿ, ಉದ್ದದ ಮಿತಿ 140ರಿಂದ 280ಕ್ಕೆ ಏರಿತ್ತು. ಉದ್ದವೇ ಅಳತೆಯಾಗಿದ್ದರೆ ಟ್ವಿಟರ್ ಬ್ಲಾಗಿಗೆ ಹತ್ತಿರವಾಗಬೇಕಿತ್ತು. ಬರಹ ಉದ್ದವಾಗುತ್ತಾ ಬಂದ ವರ್ಷಗಳಲ್ಲೇ ಅದು ಬ್ಲಾಗಿನಿಂದ ದೂರ ಸರಿಯಿತು.

ಕನ್ನಡದ ಕಡೆಗೆ ತಿರುಗುವ ಮೊದಲು ಈ ಮಿತಿಗಳ ಬಗ್ಗೆ ಒಂದು ಮಾತು. ಎಸ್‌ಎಂಎಸ್‌ನ 160 ಇಂಗ್ಲಿಷಿನ ಲೆಕ್ಕ. ಕನ್ನಡದಂಥ ಲಿಪಿಯಲ್ಲಿ ಬರೆದರೆ ಒಂದು ಎಸ್‌ಎಂಎಸ್‌ಗೆ ಹಿಡಿಸುವುದು 70 ಸಂಕೇತಗಳು. ಟ್ವಿಟರ್ ಎಣಿಸುವುದೂ ನಾವು ಕಣ್ಣಲ್ಲಿ ಕಾಣುವ ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತವನ್ನು. ‘ರಾಷ್ಟ್ರೀಯ’ ನಮಗೆ ಮೂರು ಅಕ್ಷರ, ಲೆಕ್ಕದಲ್ಲಿ ಒಂಬತ್ತು. ‘ಸ್ತ್ರೀ’ ಒಂದೇ ಅಕ್ಷರ, ಲೆಕ್ಕದಲ್ಲಿ ಆರು. ಹೀಗಾಗಿ 140ರ ಕಾಲದಲ್ಲಿ ಕನ್ನಡದಲ್ಲಿ ಒಂದು ಪೂರ್ಣ ವಾಕ್ಯ, ಜೊತೆಗೊಂದು ಕೊಂಡಿ ಹಾಕಿದರೆ ಜಾಗ ಮುಗಿಯುತ್ತಿತ್ತು. ಕನ್ನಡದ ಬರಹಗಾರರು ಹೆಚ್ಚಾಗಿ ಫೇಸ್‌ಬುಕ್ಕಿನ ಕಡೆಗೆ ಹೋದದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ಊಹಿಸುತ್ತೇನೆ. ಗೆಳೆಯರೆಲ್ಲ ಅಲ್ಲಿದ್ದರು ಎಂಬುದು ಇನ್ನೂ ದೊಡ್ಡ ಕಾರಣ ಇರಬೇಕು.

2011ರ ನವೆಂಬರ್‌ನಿಂದ ಫೇಸ್‌ಬುಕ್ ಪೋಸ್ಟಿನ ಮಿತಿ 63,206 ಅಕ್ಷರ. ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್‌ಗಳಲ್ಲಿ ಬರೆಯುತ್ತಿದ್ದ ಎಷ್ಟೋ ಕನ್ನಡದವರು ಅಲ್ಲಿಗೆ ಹೋಗಿ ಉದ್ದುದ್ದದ ನೆನಪು, ವಿಮರ್ಶೆ, ಪ್ರವಾಸ ಕಥನಗಳನ್ನು ತಮ್ಮ ಗೋಡೆಯ ಮೇಲೆ ಬರೆದರು. ಇವುಗಳಲ್ಲಿ ಹಲವು ಯಾವ ವಾರಪತ್ರಿಕೆಗೂ ಸಲ್ಲುವಂಥ ಒಳ್ಳೆಯ ಗದ್ಯ. ಆದರೂ ಮೇಲಿನ ಅಳತೆಗೆ ಹಿಡಿದರೆ ಇವು ಬ್ಲಾಗಿಗೆ ಅರ್ಧಂಬರ್ಧ ಮಾತ್ರ ಹೊಂದುತ್ತವೆ. ದಿನಾಂಕವಿದೆ, ಅದನ್ನು ಒತ್ತಿದರೆ ಸ್ಥಿರ ಕೊಂಡಿಯೂ ಇದೆ. ಆದರೆ ಖಾತೆಯಿಲ್ಲದ ಓದುಗ ಬಾಗಿಲಲ್ಲೇ ನಿಲ್ಲುತ್ತಾನೆ, ಹುಡುಕುಯಂತ್ರಗಳಿಗೆ ಹೆಚ್ಚಿನವು ಸಿಗುವುದಿಲ್ಲ, ಎರಡು ವರ್ಷ ಹಿಂದಿನ ಬರಹ ಬರೆದವರಿಗೇ ಹುಡುಕಿದರೆ ಸಿಗುವುದು ಕಷ್ಟ. ಬ್ಲಾಗಿಗೆ ಹತ್ತಿರವಾಗಿದ್ದ ನೋಟ್ಸ್ ಎಂಬ ವಿಭಾಗದಲ್ಲಿ ಹೊಸದಾಗಿ ಬರೆಯುವುದನ್ನು ಫೇಸ್‌ಬುಕ್ 2020ರ ಅಕ್ಟೋಬರ್ ಕೊನೆಗೆ ನಿಲ್ಲಿಸಿತು. ಒಳ್ಳೆಯ ಪೋಸ್ಟೊಂದು ಹೆಸರು ಕಳಚಿಕೊಂಡು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಿ, ಕೊನೆಗೆ ‘ಕೃಪೆ: ವಾಟ್ಸ್‌ಆ್ಯಪ್’ ಎಂಬ ಅಡಿಬರಹದೊಂದಿಗೆ ಮತ್ತೆ ಫೇಸ್‌ಬುಕ್ಕಿಗೇ ಬರುವುದನ್ನು ಎಲ್ಲರೂ ಕಂಡಿದ್ದೇವೆ. ಸ್ಥಿರ ಕೊಂಡಿಯನ್ನು ಯಾರೂ ಕೊಡದ, ಯಾರೂ ಕೇಳದ ಕಡೆ ಆಗುವುದೇ ಹೀಗೆ. ಬರೆದವರಿಗೆ ಇದು ಅನ್ಯಾಯ.

ನನ್ನ ಈ ಅಳತೆಗೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಬ್ಲಾಗ್‌ಸ್ಪಾಟ್ ಕೂಡ ಇನ್ನೊಬ್ಬರ ಜಾಗವೇ ಅಲ್ಲವೇ, ವಿಳಾಸ ಸ್ಥಿರ ಎಂಬುದು ಬರೀ ನಂಬಿಕೆ ಅಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. 2006ರ ಜುಲೈನಲ್ಲಿ, ಮುಂಬಯಿ ರೈಲು ಸ್ಫೋಟದ ನಂತರದ ದಿನಗಳಲ್ಲಿ, ಕೆಲವೇ ತಾಣಗಳನ್ನು ತಡೆಯಿರಿ ಎಂಬ ಸರ್ಕಾರದ ಸೂಚನೆಗೆ ಭಾರತದ ಅಂತರಜಾಲ ಸೇವಾದಾರರು ಬ್ಲಾಗ್‌ಸ್ಪಾಟ್ ಅನ್ನೇ ಇಡಿಯಾಗಿ ಕೆಲವು ದಿನ ಮುಚ್ಚಿಬಿಟ್ಟಿದ್ದರು. ಮುಂದೆ ಗೂಗಲ್ ಭಾರತದ ಓದುಗರಿಗೆ ಬ್ಲಾಗುಗಳನ್ನು ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಎಂಬ ವಿಳಾಸದಲ್ಲಿ ತೋರಿಸತೊಡಗಿತು. 2020ರಲ್ಲಿ ಆ ಹೆಸರಿನ ನೋಂದಣಿ ನವೀಕರಣವಾಗದೆ ಬೇರೆಯವರ ಕೈ ಸೇರಿತು. ಮೂಲ ‘ಡಾಟ್ ಕಾಮ್’ ವಿಳಾಸಗಳು ಉಳಿದವು. ಆದರೆ ಇಲ್ಲಿನವರು ವರ್ಷಗಟ್ಟಲೆ ನಕಲು ಮಾಡಿ ಲೇಖನಗಳಲ್ಲಿ, ಪಿಎಚ್‌ಡಿ ಪ್ರಬಂಧಗಳಲ್ಲಿ ಕೊಟ್ಟ ‘ಡಾಟ್ ಇನ್’ ಕೊಂಡಿಗಳು ಮುರಿದವು. ಬಳಸಲು ಸುಲಭವಾಗಿದ್ದ ಪೋಸ್ಟರಸ್ ಎಂಬ ಬ್ಲಾಗ್ ಸೇವೆಯನ್ನು ಟ್ವಿಟರ್ 2012ರಲ್ಲಿ ಕೊಂಡು 2013ರ ಏಪ್ರಿಲ್‌ನಲ್ಲಿ ಮುಚ್ಚಿತು. ಆದ್ದರಿಂದ ಜಾಗ ಯಾರದು ಎಂಬುದನ್ನು ನಾನು ಅಳತೆಯಾಗಿ ಇಟ್ಟುಕೊಂಡಿಲ್ಲ. ಹೊರಗಿನವರು ಬಂದು ಕ್ರಮವಾಗಿ ಓದಬಹುದೇ ಎಂಬುದಷ್ಟೇ ಅಳತೆ. ಬ್ಲಾಗ್‌ಸ್ಪಾಟ್ ಬರಹ ಇನ್ನೊಬ್ಬರ ಜಾಗದಲ್ಲಿದ್ದರೂ ಆ ಅಳತೆಗೆ ನಿಲ್ಲುತ್ತದೆ.

ಈ ಅಳತೆ ಬ್ಲಾಗ್ ಎಂಬ ಹೆಸರು ಹೊತ್ತವಕ್ಕೆ ಮಾತ್ರ ಅನುಕೂಲವಾಗಿ ರೂಪಿಸಿದ್ದಲ್ಲ ಎಂಬುದಕ್ಕೆ ಮ್ಯಾಸ್ಟೊಡಾನ್ ಸಾಕ್ಷಿ. ಜರ್ಮನಿಯ ಯೂಜೆನ್ ರೋಷ್ಕೊ 2016ರಲ್ಲಿ ಆರಂಭಿಸಿದ ಇದು ಸಾಮಾಜಿಕ ಜಾಲತಾಣ, ಸಾಮಾನ್ಯವಾಗಿ ಒಂದು ಪೋಸ್ಟಿಗೆ 500 ಅಕ್ಷರದ ಮಿತಿ. ಆದರೂ ಸಾರ್ವಜನಿಕ ಪುಟವನ್ನು ಯಾರು ಬೇಕಾದರೂ ಓದಬಹುದು, ಕಾಲಕ್ರಮ ಕೆಡುವುದಿಲ್ಲ, ಪ್ರತಿ ಬಳಕೆದಾರರ ಪುಟಕ್ಕೂ ಆರ್‌ಎಸ್‌ಎಸ್ ಇದೆ. ಮ್ಯಾಂಟನ್ ರೀಸ್ 2017ರಲ್ಲಿ ಕಟ್ಟಿದ ‘ಮೈಕ್ರೋ ಡಾಟ್ ಬ್ಲಾಗ್’ ಇನ್ನೂ ಮುಂದೆ ಹೋಗಿ, ತಲೆಬರಹವಿಲ್ಲದ ಚಿಕ್ಕ ಪೋಸ್ಟನ್ನು ಬರೆಯುವವರ ಸ್ವಂತ ತಾಣದಲ್ಲೇ ಇರಿಸಿ ಅಲ್ಲಿಂದ ಎಲ್ಲರ ಮುಂದಿಡುತ್ತದೆ. ಇಲ್ಲಿ ಒಬ್ಬರು ದಿನಕ್ಕೆ ಎರಡು ಸಾಲಿನಂತೆ ಐದು ವರ್ಷ ಬರೆದರೆ ಅದನ್ನು ಬ್ಲಾಗ್ ಎಂದು ದಾಖಲಿಸಲು ನನಗೆ ಹಿಂಜರಿಕೆಯಿಲ್ಲ. ಫೇಸ್‌ಬುಕ್ ಗೋಡೆಯ ಮೇಲಿನ ಎರಡು ಸಾವಿರ ಪದದ ಪ್ರಬಂಧವನ್ನು ಹಾಗೆ ದಾಖಲಿಸಲು ಹಿಂಜರಿಯುತ್ತೇನೆ. ಅದನ್ನು ಪ್ರಬಂಧ ಎಂದು ಸಂತೋಷದಿಂದ ದಾಖಲಿಸುತ್ತೇನೆ.

ಈ ವಿಂಗಡಣೆಗೆ ಗ್ರಂಥಸೂಚಿಯ ಕೆಲಸದಲ್ಲಿ ನೇರ ಉಪಯೋಗವಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2010ರಲ್ಲಿ, 2006ರಿಂದ ಅಲ್ಲಿಯವರೆಗಿನ ಎಲ್ಲ ಸಾರ್ವಜನಿಕ ಟ್ವೀಟುಗಳನ್ನೂ ಪಡೆದು ಇಡುವುದಾಗಿ ಪ್ರಕಟಿಸಿತು. 2017ರ ಕೊನೆಗೆ ಎಲ್ಲವನ್ನೂ ಇಡುವ ಕ್ರಮ ಬಿಟ್ಟು ಆಯ್ದು ಇಡುವ ಕ್ರಮಕ್ಕೆ ಬಂತು. ಆ ನಿರ್ಧಾರ ಪ್ರಕಟಿಸಿದಾಗ ಅದುವರೆಗಿನ ಸಂಗ್ರಹ ಓದುಗರಿಗೆ ತೆರೆದೂ ಇರಲಿಲ್ಲ. ಅಷ್ಟು ದೊಡ್ಡ ಸಂಸ್ಥೆಗೇ ಹರಿವನ್ನು ಹರಿವಾಗಿ ಹಿಡಿದಿಡುವುದು ಕಷ್ಟವಾಯಿತು. ಒಬ್ಬೊಬ್ಬ ಬರಹಗಾರನ ಸಾಲನ್ನು ಹಿಡಿದಿಡುವುದು ಅದಕ್ಕಿಂತ ಹಗುರವಾದ ಕೆಲಸ, ಒಂದು ಕಾಲೇಜಿನ ಗ್ರಂಥಾಲಯವೂ ಮಾಡಬಹುದು.

ಕನ್ನಡದಲ್ಲಿ ಇದು ಈಗಲೇ ಆಗಬೇಕಾದದ್ದು ಫೇಸ್‌ಬುಕ್ ಬರಹಗಳು ಪುಸ್ತಕವಾಗುವ ಹೊತ್ತಿನಲ್ಲಿ. ಇಂಥ ಸಂಕಲನಗಳು ಪ್ರತಿವರ್ಷ ಬರುತ್ತಿವೆ. ಮುನ್ನುಡಿಯಲ್ಲಿ ‘ಫೇಸ್‌ಬುಕ್ಕಿನಲ್ಲಿ ಬರೆದವು’ ಎಂಬ ಒಂದು ಮಾತಿರುತ್ತದೆ. ಒಳಗೆ ಬರಹಗಳನ್ನು ವಿಷಯವಾರು ಜೋಡಿಸಿ, ತಲೆಬರಹ ಹಚ್ಚಿ, ದಿನಾಂಕ ತೆಗೆದಿರುತ್ತಾರೆ. ಲಾಕ್‌ಡೌನಿನ ಮೂರನೆಯ ವಾರ ಬರೆದ ನಾಲ್ಕು ಸಾಲು ಅದರ ದಿನಾಂಕವಿಲ್ಲದೆ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಸಂಪಾದಕರಲ್ಲಿ ನನ್ನ ಕೋರಿಕೆ ಮೂರು. ಪ್ರತಿ ಬರಹದ ಕೊನೆಗೆ ಅದು ಮೊದಲು ಪ್ರಕಟವಾದ ದಿನಾಂಕವನ್ನು ಮುದ್ರಿಸಬೇಕು. ಸಾಧ್ಯವಾದ ಕಡೆ ಕಾಲಕ್ರಮದಲ್ಲೇ ಜೋಡಿಸಬೇಕು. ಬರೆದವರು ತಮ್ಮ ಖಾತೆಯ ಪೂರ್ತಿ ಸಂಗ್ರಹವನ್ನು ಇಳಿಸಿಕೊಂಡು ಅದರ ಒಂದು ಪ್ರತಿಯನ್ನು ತಾವು ನಂಬುವ ಗ್ರಂಥಾಲಯಕ್ಕೆ ಕೊಡಬೇಕು. ಆ ಸೌಕರ್ಯ ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ನಲ್ಲಿ ಇವತ್ತಿಗೂ ಇದೆ.